ಬಟನ್, ಬಟನ್, ಬಟನ್

ಕತ್ತಲೆ ಕೋಣೆ. ಅದರಲ್ಲಿ ದೊಡ್ಡ ಬಿಳಿ ಬೋಗುಣಿಯನ್ನು ಅಡ್ಡ ನಿಲ್ಲಿಸಿದಂಥ ಒಂದು ಯಂತ್ರ. ಗದ್ದವನ್ನು ಪಟ್ಟಿಯ ಮೇಲೆ ಊರಿ, ಒಂದು ಕಣ್ಣಿಗೆ ಮುಚ್ಚಳ ಹಾಕಿಸಿಕೊಂಡು ಕೂತೆ. ಕೈಗೆ ಒಂದು ಬಟನ್ ಕೊಟ್ಟರು. "ನಡುವಿನ ಚುಕ್ಕೀನೇ ನೋಡ್ತಾ ಇರಿ. ಎಲ್ಲಾದ್ರೂ ಬೆಳಕು ಮಿನುಗಿದ್ರೆ ಒತ್ತಿ, ಅಷ್ಟೇ" ಅಂದರು. ಒತ್ತಿದೆ. ಮತ್ತೆ ಒತ್ತಿದೆ. ಆಮೇಲೆ ಬಹಳ ಹೊತ್ತು ಏನೂ ಮಿನುಗಲಿಲ್ಲ. ಯಂತ್ರ ಮಾತ್ರ ಒಳಗೊಳಗೇ ಏನೋ ಸರಿಸುತ್ತಿರುವ ಸದ್ದು. ಕೆಟ್ಟಿತೇನೋ ಅಂದುಕೊಂಡು, "ಮೇಡಂ, ಇದು ನಿಂತುಹೋಗಿದೆ ಅನ್ಸುತ್ತೆ" ಅಂದೆ. ಆ ಕಡೆಯಿಂದ ಒಂದು ಗಳಿಗೆ ಉತ್ತರವಿಲ್ಲ. ಆಮೇಲೆ ಮೆಲ್ಲಗೆ, "ಇಲ್ಲ, ನಡೀತಾ ಇದೆ. ನೀವು ನಡುವೇನೇ ನೋಡ್ತಿರಿ."

ಬೆಳಕು ಬರುತ್ತಲೇ ಇತ್ತಂತೆ. ನನಗೆ ಕಾಣುತ್ತಿರಲಿಲ್ಲ.

ಆಗ ನನಗೆ ಮೂವತ್ತೆಂಟು. ಲೆಕ್ಕಪತ್ರ ವಿಭಾಗದಲ್ಲಿ ಹನ್ನೆರಡು ವರ್ಷ ಕಳೆದಿದ್ದೆ. ಕಾಯಿಲೆಯ ಹೆಸರು ರೆಟಿನೈಟಿಸ್ ಪಿಗ್ಮೆಂಟೋಸಾ. ವಂಶವಾಹಿಯಲ್ಲಿರುವ ದೋಷ. ಅಕ್ಷಿಪಟಲದಲ್ಲಿ ಮಬ್ಬು ಬೆಳಕಿಗೆಂದೇ ಇರುವ ಸರಳು ಕೋಶಗಳು ಮೊದಲು ಸಾಯುತ್ತವೆ. ಹಾಗಾಗಿ ಶುರುವಾಗುವುದು ಇರುಳುಗುರುಡಿನಿಂದ. ಆಮೇಲೆ ಅಂಚುಗಳು ಒಳಕ್ಕೆ ಸರಿಯುತ್ತಾ ಬರುತ್ತವೆ. ನಡುವಿನ ನೋಟ ಬಹಳ ಕಾಲ ಉಳಿದಿರಬಹುದು. ಎರಡು ಕಣ್ಣಿಗೂ ಸೇರಿ ಸಾಮಾನ್ಯವಾಗಿ ಅಡ್ಡಕ್ಕೆ ಸುಮಾರು 180 ಡಿಗ್ರಿ ಕಾಣುತ್ತದೆ. ಅದನ್ನು ಅಳೆಯುವ ಆ ಬೋಗುಣಿ ಯಂತ್ರ ಆ ದಿನ ಕೊಟ್ಟ ಕಾಗದದಲ್ಲಿ ನನ್ನದು 20ರ ಒಳಗಿತ್ತು. ಒಂದು ಹಾಳೆಯನ್ನು ಸುರುಳಿ ಸುತ್ತಿ ಅದರ ತೂತಿನಿಂದ ನಿಮ್ಮ ಆಫೀಸನ್ನು ನೋಡಿ. ಹತ್ತಿರ ಹತ್ತಿರ ಅದೇ.

ಕಾಗದವನ್ನು ಬ್ಯಾಗಿನಲ್ಲಿಟ್ಟುಕೊಂಡು ಮರುದಿನ ಕೆಲಸಕ್ಕೆ ಹೋದೆ. ಯಾರಿಗೂ ಹೇಳಲಿಲ್ಲ. ಒಂದೂವರೆ ವರ್ಷ ಹೇಳಲಿಲ್ಲ.

ಮುಚ್ಚಿಡುವುದೂ ಒಂದು ಪೂರ್ಣಾವಧಿ ಕೆಲಸ, ಸಂಬಳ ಮಾತ್ರ ಇಲ್ಲ. ಎಲ್ಲರಿಗಿಂತ ಮುಂಚೆ ಬಂದು ಕುರ್ಚಿ, ಕಸದ ಬುಟ್ಟಿ ಎಲ್ಲಿವೆ ಅಂತ ಒಮ್ಮೆ ಸುತ್ತಾಡಿ ನೋಡಿಕೊಳ್ಳುತ್ತಿದ್ದೆ. ಮೀಟಿಂಗ್ ರೂಮಿನಲ್ಲಿ ಬಾಗಿಲ ಪಕ್ಕದ ಕುರ್ಚಿಯೇ ಬೇಕು. ಸಂಜೆ ಮೆಟ್ಟಿಲಿಳಿಯುವಾಗ ಮೊಬೈಲ್ ಕಿವಿಗಿಟ್ಟುಕೊಂಡು ಮಾತಾಡುವಂತೆ ನಟಿಸುತ್ತಾ ನಿಧಾನಕ್ಕೆ ಇಳಿಯುತ್ತಿದ್ದೆ. ಯಾರೋ ಕೈಕುಲುಕಲು ಕೈ ಚಾಚಿ, ನಾನು ಅವರ ಮುಖವನ್ನೇ ನೋಡುತ್ತಾ ನಿಂತು, ಅವರು ಕೈ ಹಿಂದಕ್ಕೆ ತಗೊಂಡಿದ್ದಾರೆ ಅಂತ ಆಮೇಲೆ ಯಾರೋ ಹೇಳಿ ಗೊತ್ತಾಗುತ್ತಿತ್ತು. "ಆಯಮ್ಮಂಗೆ ಜಂಬ ಜಾಸ್ತಿ" ಅನ್ನುವ ಹೆಸರು ಬಂತು. ನಿಜ ಹೇಳಲಾ, ಆ ಹೆಸರು ನನಗೆ ಅನುಕೂಲವಾಗಿಯೇ ಇತ್ತು. ಜಂಬ ಇದ್ದವರನ್ನು ಯಾರೂ ಕೆಲಸದಿಂದ ತೆಗೆಯುವುದಿಲ್ಲ.

ಕೊನೆಗೆ ಬಯಲಾದದ್ದು ಒಂದೇ ಬಿಲ್ಲಿಗೆ ಎರಡು ಸಲ ಹಣ ಕಳಿಸಿದಾಗ. ಪಾವತಿಯಾಗಿದೆ ಅನ್ನುವ ಗುರುತು ಪಟ್ಟಿಯ ಬಲ ತುದಿಯ ಕಾಲಂನಲ್ಲಿತ್ತು. ನನ್ನ ಸುರುಳಿಯ ತೂತು ಅಲ್ಲಿಗೆ ಹೋಗಿಯೇ ಇರಲಿಲ್ಲ. ಹಣ ವಾಪಸ್ ಬಂತು, ಆದರೆ ಮ್ಯಾನೇಜರ್ ಕರೆದು, "ನೀವು ಇಂಥ ತಪ್ಪು ಮಾಡೋರಲ್ವಲ್ಲ ಮೇಡಂ, ಏನಾಯ್ತು?" ಅಂದರು. ಬ್ಯಾಗಿನಿಂದ ಆ ಕಾಗದ ತೆಗೆದು ಅವರ ಮೇಜಿನ ಮೇಲಿಟ್ಟೆ. ಮಡಿಕೆಯಲ್ಲೇ ಹರಿಯಲು ಶುರುವಾಗಿತ್ತು ಅದು.

ಅವರು ಒಳ್ಳೆಯವರು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಬರೆಯುವುದೆಲ್ಲ ದೂರಿನ ಹಾಗೆ ಕೇಳಿಸಬಹುದು. ಒಂದೇ ವಾರದಲ್ಲಿ ನನ್ನ ಮೇಜಿನ ಮೇಲೆ 27 ಇಂಚಿನ ಹೊಸ ಮಾನಿಟರ್ ಬಂತು. ಅಕ್ಷರಗಳನ್ನು ದೊಡ್ಡದು ಮಾಡಿಕೊಟ್ಟರು. ಇಡೀ ವಿಭಾಗ ಸುತ್ತ ನಿಂತು ನೋಡಿತು. "ಈಗ ಆರಾಮಾಯ್ತಲ್ವಾ?" ಅಂದರು. ಹೂಂ ಅಂದೆ.

ಆರಾಮಾಗಲಿಲ್ಲ, ಇನ್ನೂ ಕೆಟ್ಟಿತು. ಕೊಳವೆಯೊಳಗಿಂದ ನೋಡುವವರಿಗೆ ಅಕ್ಷರ ದೊಡ್ಡದಾದಷ್ಟೂ ಕೊಳವೆಯೊಳಗೆ ಹಿಡಿಸುವ ಅಕ್ಷರ ಕಡಿಮೆ. ಮೊದಲು ಒಂದು ಇಡೀ ಮೊತ್ತ ಒಮ್ಮೆಗೇ ಕಾಣುತ್ತಿತ್ತು. ಈಗ ಮೂರು ಅಂಕಿ ಕಂಡರೆ ಉಳಿದವಕ್ಕೆ ಕತ್ತು ತಿರುಗಿಸಬೇಕು. ಮೌಸಿನ ಬಾಣ ಆ ವಿಶಾಲ ಮೈದಾನದಲ್ಲಿ ಕಳೆದುಹೋಗುತ್ತಿತ್ತು. ನನಗೆ ಬೇಕಾಗಿದ್ದುದು ಚಿಕ್ಕ ಪರದೆ, ಕಪ್ಪು ಹಿನ್ನೆಲೆ, ಬಿಳಿ ಅಕ್ಷರ, ತಲೆಯ ಮೇಲೆ ಉರಿಯುವ ಆ ಟ್ಯೂಬ್‌ಲೈಟ್ ಬೇರೆ ಕಡೆಗೆ. ಆದರೆ ಅಷ್ಟು ಖರ್ಚು ಮಾಡಿದ ಮೇಲೆ ಹೇಗೆ ಹೇಳಲಿ? ಎರಡು ತಿಂಗಳು ಆ ಮಾನಿಟರಿನ ಎಡ ಮೂಲೆಯಲ್ಲಿ ಒಂದು ಸಣ್ಣ ಕಿಟಕಿ ತೆರೆದುಕೊಂಡು ಕೆಲಸ ಮಾಡಿದೆ.

ಮುಂದೆ ನಾನು ಸೇರಿದ ತರಬೇತಿಯಲ್ಲಿ ಸಿಕ್ಕ ಗೆಳತಿಯೊಬ್ಬಳಿಗೆ ಕಾಯಿಲೆ ನನ್ನದಕ್ಕೆ ಸರಿಯಾಗಿ ತಿರುವುಮುರುವು. ಅವಳ ಅಕ್ಷಿಪಟಲದ ನಡುಭಾಗವೇ ಹೋಗಿದೆ, ಸುತ್ತ ಕಾಣುತ್ತದೆ. ಕೋಲಿಲ್ಲದೆ ಓಡಾಡುತ್ತಾಳೆ, ಆದರೆ ಎದುರು ನಿಂತವರ ಮುಖ ಕಾಣದು, ಓದಲು ಬೆರಳುದ್ದದ ಅಕ್ಷರ ಬೇಕು. ಆ ಮಾನಿಟರ್ ಅವಳಿಗೆ ಹಬ್ಬವಾಗುತ್ತಿತ್ತು. ಅವಳ ಆಫೀಸಿನಲ್ಲಿ ಏನು ಕೊಟ್ಟಿದ್ದರು ಗೊತ್ತೇ? ಮೆಟ್ಟಿಲಿಗೆ ಹಳದಿ ಪಟ್ಟಿ. ನಾವಿಬ್ಬರೂ ಆಫೀಸು ಅದಲು ಬದಲು ಮಾಡಿಕೊಂಡಿದ್ದರೆ ಎರಡು ಸಂಸ್ಥೆಗಳಿಗೂ ಪುಣ್ಯ ಬರುತ್ತಿತ್ತು.

ಮಾನಿಟರಿನಿಂದ ಆಗಲಿಲ್ಲ ಅಂತ ಗೊತ್ತಾದ ಮೇಲೆ ಎರಡನೆಯ ಒಳ್ಳೆಯತನ ಶುರುವಾಯಿತು. "ನಿಮಗ್ಯಾಕೆ ತೊಂದರೆ, ಬಿಡಿ ಮೇಡಂ, ನಾವು ಮಾಡ್ಕೋತೀವಿ." ಮೊದಲು ತಿಂಗಳ ಕೊನೆಯ ತಾಳೆ ಹೋಯಿತು. ಆಮೇಲೆ ಬಿಲ್ ಪರಿಶೀಲನೆ. ಆಮೇಲೆ ಹೊಸಬರಿಗೆ ಕೆಲಸ ಕಲಿಸುವುದು. ಕೊನೆಗೆ ನನ್ನನ್ನು ಫೋನ್ ಪಕ್ಕ ಕೂರಿಸಿದರು. ದಿನಕ್ಕೆ ಹತ್ತು ಕರೆ ಬಂದರೆ ಹೆಚ್ಚು. ಸಂಬಳದಲ್ಲಿ ಒಂದು ಪೈಸೆ ಕಡಿಮೆ ಮಾಡಲಿಲ್ಲ. ಹನ್ನೆರಡು ವರ್ಷ ನೆಟ್ಟಗೆ ತಾಳೆ ಹೊಂದಿಸಿದವಳಿಗೆ, ಫೋನ್ ರಿಂಗಾಗಲಿ ಅಂತ ಕಾಯುವುದು ಹೇಗಿರುತ್ತದೆ ಅಂತ ಯಾರಿಗೂ ಕೇಳಬೇಕು ಅನ್ನಿಸಲಿಲ್ಲ. ಬೈದಿದ್ದರೆ ಜಗಳವಾಡಬಹುದಿತ್ತು. ಕರುಣೆಯ ಜೊತೆ ಹೇಗೆ ಜಗಳವಾಡುವುದು?

ನಾನೇ ಕೇಳಿಕೊಂಡು ಮೂರು ತಿಂಗಳ ರಜೆ ಹಾಕಿ, ಕಣ್ಣಿನ ನೆರವಿಲ್ಲದೆ ಕಂಪ್ಯೂಟರ್ ಬಳಸುವುದನ್ನು ಕಲಿಸುವ ತರಬೇತಿಗೆ ಸೇರಿದೆ.

ಕಲಿಸುವ ಸರ್ ಹುಟ್ಟಿನಿಂದಲೇ ದೃಷ್ಟಿ ಇಲ್ಲದವರು. ಸ್ಕ್ರೀನ್ ರೀಡರ್ ಅಂದರೆ ಪರದೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶ. ಮೌಸ್ ಮುಟ್ಟುವ ಹಾಗಿಲ್ಲ, ಎಲ್ಲ ಕೀಲಿಮಣೆಯಿಂದಲೇ. ನಾವು ಕಲಿತದ್ದು ಎನ್‌ವಿಡಿಎ. 2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರನ್ ಶುರು ಮಾಡಿ, ಜೇಮ್ಸ್ ಟೆ ಜೊತೆ ಸೇರಿ ಬೆಳೆಸಿದ್ದು. ಇಬ್ಬರಿಗೂ ದೃಷ್ಟಿಯಿಲ್ಲ. ಇವತ್ತಿಗೂ ಅದು ಉಚಿತ. ಅದಕ್ಕಿಂತ ಹಳೆಯದು ಜಾಸ್. ಅದನ್ನು ಹುಟ್ಟುಹಾಕಿದ ಟೆಡ್ ಹೆಂಟರ್ ಬೈಕ್ ರೇಸಿನಲ್ಲಿದ್ದವರು, 1978ರ ಕಾರು ಅಪಘಾತದಲ್ಲಿ ಕಣ್ಣು ಕಳೆದುಕೊಂಡವರು. ಅದರ ಪೂರ್ತಿ ಹೆಸರು ಜಾಬ್ ಆಕ್ಸೆಸ್ ವಿತ್ ಸ್ಪೀಚ್. ಹೆಸರಿನ ಮೊದಲ ಪದವೇ ಜಾಬ್. ನಡುವಯಸ್ಸಿನಲ್ಲಿ ಕಣ್ಣು ಹೋದವರಿಗೆ ಮೊದಲು ಹತ್ತುವ ಚಿಂತೆ ಯಾವುದು ಅಂತ ಆ ಮನುಷ್ಯನಿಗೆ ಗೊತ್ತಿತ್ತು.

ಹೆಡ್ಡಿಂಗಿನಿಂದ ಹೆಡ್ಡಿಂಗಿಗೆ ಹಾರಲು ಎಚ್, ಕೋಷ್ಟಕಕ್ಕೆ ಟಿ, ಬಟನ್‌ಗೆ ಬಿ, ಮಾತು ನಿಲ್ಲಿಸಲು ಕಂಟ್ರೋಲ್. ನೆನಪಿಡುವುದು ಕಷ್ಟವಿಲ್ಲ. ಕಷ್ಟ ನನ್ನ ಕಣ್ಣಿನದೇ. ತರಗತಿಯಲ್ಲಿ ಏನೂ ಕಾಣದ ಹುಡುಗರು ಎರಡು ವಾರದಲ್ಲಿ ಇಮೇಲ್ ಕಳಿಸಲು ಶುರು ಮಾಡಿದರು. ನಾನು ಹಿಂದೆ ಬಿದ್ದೆ. ಧ್ವನಿ ಒಂದು ಸಾಲು ಓದುವಷ್ಟರಲ್ಲಿ ನನ್ನ ಆ ಪುಟ್ಟ ತೂತು ಪರದೆಯ ಮೇಲೆ ಓಡಿ, ಇಲ್ಲೇ ಇದೆಯಲ್ಲ ಅಂತ ಕದ್ದು ನೋಡಿಬಿಡುತ್ತಿತ್ತು. ಕಿವಿ ಕಲಿಯಲು ಕಣ್ಣು ಬಿಡುತ್ತಿರಲಿಲ್ಲ. ಕುರುಡುಗಣ್ಣಿಗಿಂತ ಮೆಳ್ಳೆಗಣ್ಣು ಲೇಸು ಅಂತ ಗಾದೆ ಇದೆಯಲ್ಲ, ಅದನ್ನು ಮಾಡಿದವರು ಸ್ಕ್ರೀನ್ ರೀಡರ್ ಕಲಿತವರಲ್ಲ.

ಒಂದು ದಿನ ಸರ್ ಹಿಂದಿನಿಂದ ಬಂದು, "ಮೇಡಂ, ಮೂಗು ಸ್ಕ್ರೀನಿಗೆ ಅಂಟಿಸ್ಕೊಂಡಿದ್ದೀರಾ?" ಅಂದರು. ಬೆಚ್ಚಿದೆ. ಅವರಿಗೆ ಹೇಗೆ ಗೊತ್ತಾಯಿತು? "ನೀವು ಗೊಣಗ್ತಿದ್ರಲ್ಲ, ಆ ಸದ್ದು ಗಾಜಿಗೆ ಹೊಡೆದು ವಾಪಸ್ ಬರ್ತಿತ್ತು" ಅಂದರು. ಆಮೇಲೆ ಎನ್‌ವಿಡಿಎಯಲ್ಲೇ ಇರುವ ಸ್ಕ್ರೀನ್ ಕರ್ಟನ್ ಅನ್ನುವ ಸೌಲಭ್ಯ ಹಾಕಿಬಿಟ್ಟರು. ಪರದೆ ಪೂರ್ತಿ ಕಪ್ಪು. ಧ್ವನಿ ಮಾತ್ರ. "ಒಂದು ತಿಂಗಳು ಇದು ಹೀಗೇ ಇರ್ಲಿ."

ಆ ಕಪ್ಪು ಪರದೆಯ ಮುಂದೆ ಮೊದಲ ದಿನ ಅತ್ತೆ. ಅದು ಇವತ್ತಿನ ಪರದೆ ಅಲ್ಲ, ಇನ್ನೈದು ವರ್ಷಕ್ಕೆ ಬರಲಿರುವ ಪರದೆ ಅನ್ನಿಸಿತು. ಸರ್ ಪಕ್ಕದಲ್ಲೇ ಇದ್ದರು. ಸಮಾಧಾನ ಹೇಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಆಲ್ಟ್ ಟ್ಯಾಬ್ ಒತ್ತಿ, ಎಲ್ಲಿದ್ದೀರಿ ಹೇಳಿ" ಅಂದರು. ಒತ್ತಿದೆ. ಎಲ್ಲಿದ್ದೇನೆ ಅಂತ ಧ್ವನಿ ಹೇಳಿತು. ನಾನೂ ಹೇಳಿದೆ. ಪಾಠ ಮುಂದುವರಿಯಿತು.

ಬಿಳಿ ಕೋಲಿನ ಪಾಠವೂ ಜೊತೆಗೇ ನಡೆಯಿತು. ಬಲಗಾಲು ಮುಂದಿಡುವಾಗ ಕೋಲಿನ ತುದಿ ಎಡಕ್ಕೆ ತಾಗಬೇಕು, ಎಡಗಾಲಿಗೆ ಬಲಕ್ಕೆ, ಭುಜದಷ್ಟು ಅಗಲ. ಅಂದರೆ ಮುಂದಿನ ಹೆಜ್ಜೆ ಬೀಳುವ ಜಾಗವನ್ನು ಕೋಲು ಮೊದಲೇ ನೋಡಿಟ್ಟಿರುತ್ತದೆ. ಕೈ ಕಲಿಯಲು ವಾರ ಸಾಕಾಯಿತು. ಅದನ್ನು ಹಿಡಿದು ಆಫೀಸಿನ ಬಾಗಿಲು ದಾಟಲು ನಾಲ್ಕು ತಿಂಗಳು ಬೇಕಾಯಿತು. ದಾಟಿದ ದಿನವೇ, ಲಿಫ್ಟಿನಲ್ಲಿ ಮೊಬೈಲ್ ನೋಡುತ್ತಿದ್ದಾಗ ಹಿಂದಿನಿಂದ ಪಿಸುಮಾತು: "ಫೋನ್ ಓದ್ತಾರೆ, ಕೋಲೂ ಹಿಡೀತಾರೆ." ನಡುವಿನ ನೋಟ ಉಳಿದವರು ಸಣ್ಣ ಅಕ್ಷರ ಓದಬಲ್ಲರು, ಕಾಲ ಬುಡದ ಕುರ್ಚಿ ಕಾಣರು ಅಂತ ಲಿಫ್ಟಿನಲ್ಲಿ ನಾಲ್ಕು ಮಹಡಿ ಏರುವಷ್ಟರಲ್ಲಿ ವಿವರಿಸಲು ಸಾಧ್ಯವೇ? ಸುಮ್ಮನಿದ್ದೆ.

ತರಬೇತಿ ಕೇಂದ್ರದಲ್ಲಿ ಎಲ್ಲವೂ ಮಾತಾಡುತ್ತಿದ್ದವು. ಅಲ್ಲಿನ ಕಡತ, ಅಲ್ಲಿನ ವೆಬ್ ಪುಟ, ಅಭ್ಯಾಸಕ್ಕೆ ಕೊಡುವ ಕೋಷ್ಟಕ, ಎಲ್ಲ ಅಚ್ಚುಕಟ್ಟು. ಈಜುಕೊಳದಲ್ಲಿ ಈಜು ಕಲಿಸಿ ಹೊಳೆಗೆ ಇಳಿಸಿದ ಹಾಗಾಯಿತು. ಆಫೀಸಿಗೆ ಬಂದರೆ ಬಿಲ್ಲುಗಳೆಲ್ಲ ಸ್ಕ್ಯಾನ್ ಮಾಡಿದ ಚಿತ್ರಗಳು. ಚಿತ್ರದಲ್ಲಿ ಪಠ್ಯವೇ ಇಲ್ಲ, ಧ್ವನಿಗೆ ಓದಲು ಏನೂ ಇಲ್ಲ. ಅಕ್ಷರ ಗುರುತಿಸುವ ಸೌಲಭ್ಯದಿಂದ ಓದಿಸಬಹುದು ನಿಜ, ಆದರೆ ಅದು 8ನ್ನು 3 ಅಂದರೆ ಲೆಕ್ಕಪತ್ರದಲ್ಲಿ ಏನಾಗುತ್ತದೆ ಅಂತ ಹೇಳಬೇಕಿಲ್ಲ. ಕೋಷ್ಟಕಗಳಲ್ಲಿ ಅಂದಕ್ಕೆಂದು ಸೇರಿಸಿದ ಕೋಶಗಳು. "ಕೆಂಪು ಬಣ್ಣದ್ದು ಬಾಕಿ, ಹಸಿರು ಮುಗಿದದ್ದು" ಅನ್ನುವ ಪದ್ಧತಿ. ಕೆಲವು ಹಳೆಯ ಕನ್ನಡ ಕಡತಗಳು, ಕನ್ನಡ ಅಕ್ಷರಗಳಿಗೆ ಕಂಪ್ಯೂಟರಿನಲ್ಲಿ ಅವುಗಳದೇ ಸಂಕೇತ ಕೊಡುವ ಯೂನಿಕೋಡ್ ಪದ್ಧತಿಗೆ ಮುಂಚಿನ ಫಾಂಟಿನವು. ಕಣ್ಣಿಗೆ ಮುದ್ದಾದ ಕನ್ನಡ, ಧ್ವನಿಯ ಬಾಯಲ್ಲಿ ಇಂಗ್ಲಿಷ್ ಅಕ್ಷರಗಳ ಚಿಂದಿ ಚಿತ್ರಾನ್ನ.

ಇವೆಲ್ಲಕ್ಕಿಂತ ಮೇಲಿನದು ನಮ್ಮ ಬಿಲ್ ಅನುಮೋದನೆಯ ಪುಟ. ಆಫೀಸಿನವರೇ ಬರೆದ ತಂತ್ರಾಂಶ. ಮೇಲೆ ಸಾಲಾಗಿ ಒಂಬತ್ತು ಬಟನ್, ಒಂದೊಂದಕ್ಕೂ ಪುಟ್ಟ ಚಿತ್ರ: ಟಿಕ್ ಗುರುತು, ಅಡ್ಡ ಗೆರೆ, ಪ್ರಿಂಟರ್, ಕಸದ ಬುಟ್ಟಿ. ಮೊದಲ ದಿನ ಹೆಡ್‌ಫೋನ್ ಹಾಕಿಕೊಂಡು ಟ್ಯಾಬ್ ಒತ್ತಿದೆ.

"ಬಟನ್."

ಮತ್ತೆ ಒತ್ತಿದೆ. "ಬಟನ್." ಮತ್ತೆ. "ಬಟನ್." ಒಂಬತ್ತು ಸಲ.

ಎಣಿಸಿ ಇಟ್ಟುಕೊಂಡೆ. ಐದನೆಯದು ಅನುಮೋದನೆ, ಆರನೆಯದು ತಿರಸ್ಕಾರ. ಟ್ಯಾಬ್ ಐದು ಸಲ, ಎಂಟರ್. ಮೂರು ವಾರ ಚೆನ್ನಾಗಿ ನಡೆಯಿತು. ಮತ್ತೆ ಬಿಲ್ಲು ನೋಡಲು ಬಿಟ್ಟಿದ್ದರು, ಬೆನ್ನು ನೆಟ್ಟಗಾಗಿತ್ತು. ಒಂದು ಸೋಮವಾರ ಯಾರೋ ಅದೇ ಸಾಲಿನಿಂದ ಬಳಕೆಯಲ್ಲಿಲ್ಲದ ಒಂದು ಬಟನ್ ತೆಗೆದಿದ್ದರು. ಅವತ್ತು ಮಧ್ಯಾಹ್ನದವರೆಗೆ ಇಪ್ಪತ್ತಮೂರು ಬಿಲ್ ತಿರಸ್ಕರಿಸಿದೆ. ಪ್ರತಿ ಸಲವೂ ಮೇಲಿನ ಮೂಲೆಯಲ್ಲಿ ಕೆಂಪು ಪಟ್ಟಿಯೊಂದು ಮೂಡಿ, ಮೂರು ಸೆಕೆಂಡ್ ಇದ್ದು ಹೋಗುತ್ತಿತ್ತಂತೆ. ಅದನ್ನು ಧ್ವನಿಗೆ ಹೇಳುವ ಏರ್ಪಾಡು ಇರಲಿಲ್ಲ. ಆ ಬೋಗುಣಿ ಯಂತ್ರದ ಹಾಗೆಯೇ. ಬೆಳಕು ಬರುತ್ತಲೇ ಇತ್ತು.

"ಪಾಪ, ಅವರಿಗೆ ಆಗಲ್ಲ" ಅನ್ನುವ ಮಾತು ಮತ್ತೆ ಎದ್ದಿತು. ಈ ಸಲ ನಾನು ಹೂಂ ಅನ್ನಲಿಲ್ಲ. ಮ್ಯಾನೇಜರ್ ಹತ್ತಿರ ಹೋಗಿ, "ಸರ್, ಆ ಸಾಲಿನ ಬಟನ್‌ಗಳ ಮೇಲಿನ ಚಿತ್ರ ಅಳಿಸಿ ಖಾಲಿ ಚೌಕ ಮಾಡಿ. ಆಮೇಲೆ ವಿಭಾಗದಲ್ಲಿ ಯಾರಾದ್ರೂ ಸರಿ, ಒಂದು ದಿನ ಕೆಲಸ ಮಾಡಿ ತೋರಿಸ್ಲಿ" ಅಂದೆ. ದನಿ ಸ್ವಲ್ಪ ಏರಿತ್ತು. ಇರಲಿ.

ತಂತ್ರಾಂಶ ನೋಡಿಕೊಳ್ಳುವ ಹುಡುಗನನ್ನು ಕಳಿಸಿದರು. ಇಪ್ಪತ್ತೈದೂ ಆಗಿರಲಿಲ್ಲ ಅವನಿಗೆ. ಹೆಡ್‌ಫೋನ್ ಅವನ ತಲೆಗೆ ಹಾಕಿ, ಪರದೆ ಕಪ್ಪು ಮಾಡಿ, "ಒಂದು ಬಿಲ್ ಅನುಮೋದಿಸಪ್ಪ" ಅಂದೆ. ಟ್ಯಾಬ್ ಒತ್ತುವ ಸದ್ದು ಕೇಳುತ್ತಿತ್ತು. ನಾಲ್ಕು. ಐದು. ನಿಂತ. ಮತ್ತೆ ಮೊದಲಿಂದ. ಆಮೇಲೆ ಹೆಡ್‌ಫೋನ್ ತೆಗೆದು, "ಮೇಡಂ, ಇದನ್ನ ನಾನೇ ಬರೆದಿದ್ದು" ಅಂದ.

ಪ್ರತಿ ಬಟನ್‌ಗೆ ಬೇಕಾಗಿದ್ದುದು ಏರಿಯಾ ಲೇಬಲ್ (aria-label) ಅನ್ನುವ ಒಂದು ತುಣುಕು ಕೋಡ್. ಚಿತ್ರ ಹಾಗೇ ಇರುತ್ತದೆ, ನೋಡುವವರಿಗೆ ಏನೂ ಬದಲಾಗುವುದಿಲ್ಲ, ಕೇಳುವವರಿಗೆ ಹೆಸರು ಸಿಗುತ್ತದೆ. ವೆಬ್ ಪುಟಗಳು ಎಲ್ಲರಿಗೂ ಬಳಸಲು ಬರುವಂತೆ ಹೇಗಿರಬೇಕು ಅನ್ನುವ ಡಬ್ಲ್ಯುಸಿಎಜಿ ಮಾರ್ಗಸೂಚಿಯ ಮೊದಲ ಆವೃತ್ತಿ 1999ರಲ್ಲೇ ಬಂದಿದೆ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರಷ್ಟು ಹೊಳಪಿನ ವ್ಯತ್ಯಾಸ ಇರಬೇಕು ಅನ್ನುವಂಥ ಅಳತೆಗಳೂ ಈಗಿನ ಆವೃತ್ತಿಯಲ್ಲಿವೆ. ಹುಡುಗ ಅದರ ಹೆಸರು ಕೇಳಿದ್ದ, ಓದಿರಲಿಲ್ಲ. ಕೂತ ಜಾಗದಿಂದ ಏಳದೆ, ಮಧ್ಯಾಹ್ನ ಶುರು ಮಾಡಿ ಸಂಜೆಯೊಳಗೆ ಮುಗಿಸಿದ. 27 ಇಂಚಿನ ಮಾನಿಟರ್ ಮಾಡಲಾರದ್ದನ್ನು ಒಂದು ಮಧ್ಯಾಹ್ನದ ಟೈಪಿಂಗ್ ಮಾಡಿತು.

"ಟ್ಯಾಬ್ ಒತ್ತಿ ನೋಡಿ ಮೇಡಂ."

"ಅನುಮೋದಿಸು, ಬಟನ್."

ಅವನೂ ಇನ್ನೊಂದು ಹೆಡ್‌ಫೋನ್ ಹಾಕಿಕೊಂಡು ಕೇಳುತ್ತಿದ್ದ. ಇಬ್ಬರೂ ಸುಮ್ಮನೆ ಅದನ್ನೇ ಎರಡು ಮೂರು ಸಲ ಕೇಳಿದೆವು.

ಎಲ್ಲ ಸರಿಹೋಯಿತು ಅಂತಲ್ಲ. ವಿಶ್ವಸಂಸ್ಥೆ 2006ರಲ್ಲಿ ಒಪ್ಪಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 27ನೇ ವಿಧಿಯಲ್ಲಿ, ಉದ್ಯೋಗದಲ್ಲಿರುವಾಗಲೇ ಅಂಗವೈಕಲ್ಯಕ್ಕೆ ಒಳಗಾದವರ ಮಾತೂ ಬರುತ್ತದೆ. ಅವರು ಕೆಲಸ ಉಳಿಸಿಕೊಳ್ಳುವ ಬಗ್ಗೆ, ಸಮಂಜಸ ಹೊಂದಾಣಿಕೆಯ ಬಗ್ಗೆ, ಅಂದರೆ ಅವರಿಗೆ ತಕ್ಕಂತೆ ಕೆಲಸದಲ್ಲಿ ಬದಲಾವಣೆ ಮಾಡಿಕೊಡುವ ಬಗ್ಗೆ, ಹೇಳುತ್ತದೆ. ಅದನ್ನು ಓದಿದ ರಾತ್ರಿ, ನನ್ನಂಥವರು ಮೊದಲೂ ಇದ್ದರು, ಯಾರೋ ಕೂತು ಯೋಚಿಸಿದ್ದಾರೆ ಅಂತ ನೆಮ್ಮದಿಯಾಯಿತು. ಆದರೆ ಆಫೀಸಿನ ಫಾರಂನಲ್ಲಿ ಇರುವುದು ಒಂದೇ ಸಾಲು: ಹೊಂದಾಣಿಕೆ ಪೂರ್ಣಗೊಂಡಿದೆಯೇ, ಹೌದು ಅಥವಾ ಇಲ್ಲ. ನನ್ನ ಕಣ್ಣಿಗೆ ಆ ಫಾರಂ ಅರ್ಥವಾಗುವುದಿಲ್ಲ. ಕೇಳಿದಾಗ 18 ಡಿಗ್ರಿ ಇದ್ದದ್ದು ಕೊಡುವಷ್ಟರಲ್ಲಿ 15 ಆಗಿರುತ್ತದೆ. ಹೋದ ವರ್ಷ ಕಪ್ಪು ಹಿನ್ನೆಲೆ ಸಾಕಾಗಿತ್ತು, ಈ ವರ್ಷ ಸಂಜೆ ನಾಲ್ಕರ ಮೇಲೆ ಪರದೆಯನ್ನು ನೋಡುವುದೇ ಇಲ್ಲ. ಪ್ರತಿ ಆರು ತಿಂಗಳಿಗೆ ಹೋಗಿ, "ಸರ್, ಇನ್ನೊಂದು ಬೇಕಿತ್ತು" ಅನ್ನಬೇಕು. ಹಾಗನ್ನುವಾಗ ಈಗಲೂ ನಾಲಿಗೆ ತಡವರಿಸುತ್ತದೆ. ಕಣ್ಣು ಒಂದೇ ಸಲ ಹೋಗಿದ್ದರೆ ಒಂದೇ ಸಲ ಕೇಳಿ ಮುಗಿಸುತ್ತಿದ್ದೆನಲ್ಲ ಅಂತ ಒಮ್ಮೊಮ್ಮೆ ಅನ್ನಿಸಿ, ಥೂ ಅಂತ ನನ್ನನ್ನೇ ಬೈದುಕೊಳ್ಳುತ್ತೇನೆ.

ಆಯಾಸದ ಬಗ್ಗೆ ಯಾರೂ ಹೇಳಿರಲಿಲ್ಲ. ಎಡಗಿವಿಯಲ್ಲಿ ಸ್ಕ್ರೀನ್ ರೀಡರ್, ಬಲಗಿವಿ ಮನುಷ್ಯರಿಗೆ. ಮೀಟಿಂಗಿನಲ್ಲಿ ಪರದೆ ಹಂಚಿಕೊಂಡು "ಇಲ್ಲಿ ನೋಡಿ, ಇದು ಇಷ್ಟಾಗಿದೆ" ಅನ್ನುತ್ತಾರೆ. ಇದು ಯಾವುದು, ಇಷ್ಟು ಎಷ್ಟು? "ಸ್ವಲ್ಪ ಓದಿ ಹೇಳ್ತೀರಾ?" ಅಂತ ನಾನು ಕೇಳಿದ ಮೇಲೆ ಒಂದು ವಿಚಿತ್ರ ನಡೆಯಿತು. ಅಂಕಿ ಬಾಯಿಬಿಟ್ಟು ಓದಲು ಶುರುಮಾಡಿದ ಮೇಲೆ ಅವರ ತಪ್ಪು ಅವರಿಗೇ ಕೇಳಿಸತೊಡಗಿತು. ಈಗ ನಾನಿಲ್ಲದ ಮೀಟಿಂಗಿನಲ್ಲೂ ಓದುತ್ತಾರಂತೆ.

ಹೊಸಬರಿಗೆ ತಾಳೆ ಕಲಿಸುವ ಕೆಲಸ ಮತ್ತೆ ನನಗೇ ಬಂದಿದೆ. ದೊಡ್ಡ ಮಾನಿಟರ್ ಈಗ ವಿನ್ಯಾಸದ ಹುಡುಗಿಯ ಮೇಜಿನ ಮೇಲಿದೆ, ಅವಳಿಗೆ ಬಹಳ ಖುಷಿ. ಲೇಬಲ್ ಹಾಕಿದ ಹುಡುಗ ಬೇರೆ ಕೆಲಸ ಸಿಕ್ಕಿ ಹೋದ. ಅವನ ಜಾಗಕ್ಕೆ ಬಂದವರು ಕಳೆದ ವಾರ ಅನುಮೋದನೆಯ ಪುಟಕ್ಕೆ ಹೊಸ ಆವೃತ್ತಿ ತಂದರು. ಬೆಳಿಗ್ಗೆ ಬಂದವಳೇ ಟ್ಯಾಬ್ ಒತ್ತಿದೆ. "ಅನುಮೋದಿಸು, ಬಟನ್. ತಿರಸ್ಕರಿಸು, ಬಟನ್. ಮುದ್ರಿಸು, ಬಟನ್. ಬಟನ್."

ಕೂಡಲೇ ಮೇಲ್ ಬರೆದೆ: ಹೊಸದಾಗಿ ಸೇರಿಸಿದ ಬಟನ್‌ಗೆ ಹೆಸರಿಲ್ಲ, ದಯವಿಟ್ಟು ಹಾಕಿ. ಹತ್ತು ನಿಮಿಷದಲ್ಲಿ ಉತ್ತರ ಬಂತು.

"ಯಾವ ಬಟನ್ ಮೇಡಂ?"

"ಅದನ್ನೇ ನಾನೂ ಕೇಳ್ತಿರೋದು" ಅಂತ ಬರೆದು ಕಳಿಸಿದ್ದೇನೆ.